ಸಾಹಿತ್ಯದ ಋಣ ಮತ್ತು ಸತ್ಯವ್ರತ

ಒಬ್ಬನ ಕಣಜದ ಧಾನ್ಯವನ್ನು ಇನ್ನೊಬ್ಬನು ಕೇಳದೆ ಒಯ್ದರೆ ಅದು ಕಳ್ಳತನವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಒಯ್ದಷ್ಟು ಧಾನ್ಯ ಒಡೆಯನಲ್ಲಿ ಕಡಿಮೆಯಾಗುತ್ತದೆ. ಅದು ಅಳತೆಗೆ ಸಿಗುತ್ತದೆ. ಮನಸ್ಸು ಮಾಡಿದರೆ ಹಿಂದಿರುಗಿಸಲೂ ಬರುತ್ತದೆ. ಆದರೆ ಒಬ್ಬ ಲೇಖಕನ ಕಲ್ಪನೆಯನ್ನು ಇನ್ನೊಬ್ಬ ಲೇಖಕನು ತೆಗೆದುಕೊಂಡಾಗ ಮೊದಲಿನವನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಅವನ ಗ್ರಂಥ ಇದ್ದಂತೆಯೇ ಇರುತ್ತದೆ. ಹಾಗಿದ್ದರೆ ಅಲ್ಲಿ ಅಪಹಾರವಾದದ್ದು ಏನು? ಅಪಹಾರವೇ ಇಲ್ಲವೆನ್ನುವುದಾದರೆ, ಪೂರ್ವಲೇಖಕನ ಹೆಸರನ್ನು ಮರೆಸಿ ಕೀರ್ತಿಯನ್ನು ಪಡೆದವನ ವಿಷಯದಲ್ಲಿ ಸಜ್ಜನರ ಮನಸ್ಸಿನಲ್ಲಿ ಹುಟ್ಟುವ ಅಸಮಾಧಾನಕ್ಕೆ ಆಧಾರವೇನು? ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಗೆ ಸೇರಿದ್ದಲ್ಲ. ಬರೆಯುವವರು, ಪ್ರವಚನ ಮಾಡುವವರು, ಗ್ರಂಥ ಪ್ರಕಟಿಸುವವರು, ಮಕ್ಕಳಿಗೆ ಪಾಠ ಹೇಳುವವರು ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಎದುರಿಸಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುವ ಒಂದು ಪ್ರಕರಣವಿದೆ. ಮನುಷ್ಯರು ಸುಖಕ್ಕಾಗಿಯೋ ಭಯದಿಂದಲೋ ತಮ್ಮ ಸ್ವಾತಂತ್ರ್ಯವನ್ನೆಲ್ಲ ಪ್ರಭುತ್ವದ ಕೈಗೆ ಒಪ್ಪಿಸಿದರೆ ಮುಂದಿನ ಕಾಲ ಹೇಗಿರಬಹುದೆಂದು ಎಚ್ಚರಿಸುವ ಕಥೆಗಳಿಗೆ ಡಿಸ್ಟೋಪಿಯನ್ ಸಾಹಿತ್ಯವೆಂದು ಹೆಸರು. ಆದರ್ಶರಾಜ್ಯದ ಕನಸಿಗೆ ವಿರುದ್ಧವಾದ ಕರಾಳ ರಾಜ್ಯದ ಚಿತ್ರಣ ಅದು. ಈ ಪ್ರಕಾರದಲ್ಲಿ ಮೂರು ಕಾದಂಬರಿಗಳು ಮುಖ್ಯವೆನಿಸಿವೆ. ರಷ್ಯಾದ ಯೆವ್ಗೆನಿ ಜಮ್ಯಾತಿನ್ ಅವರ ‘ನಾವು’, ಇಂಗ್ಲೆಂಡಿನ ಆಲ್ಡಸ್ ಹಕ್ಸ್ಲಿ ಅವರ ‘ಬ್ರೇವ್ ನ್ಯೂ ವರ್ಲ್ಡ್’, ಜಾರ್ಜ್ ಆರ್ವೆಲ್ ಅವರ ‘ನೈನ್‌ಟೀನ್ ಏಟಿ-ಫೋರ್’. ಎರಡನೆಯದೂ ಮೂರನೆಯದೂ ಜಗತ್ಪ್ರಸಿದ್ಧವಾದವು. ಮೊದಲನೆಯದನ್ನು ಬಲ್ಲವರು ಇಂದಿಗೂ ಕಡಿಮೆ. ಉಳಿದೆರಡು ಮೊದಲನೆಯದಕ್ಕೆ ಎಷ್ಟು ಋಣಿ, ಆ ಋಣವನ್ನು ಅವುಗಳ ಕರ್ತೃಗಳು ಒಪ್ಪಿಕೊಂಡರೇ ಎಂಬ ವಿವಾದ ಹಲವು ದಶಕಗಳಿಂದ ನಡೆದುಬಂದಿದೆ.

ಮೂಲಕೃತಿ ಮತ್ತು ಅದರ ಕರ್ತೃ

ಜಮ್ಯಾತಿನ್ ಅವರು 1884ರಲ್ಲಿ ಜನಿಸಿದರು. ವೃತ್ತಿಯಿಂದ ಹಡಗು ನಿರ್ಮಾಣದ ಇಂಜಿನಿಯರ್. 1916ರಲ್ಲಿ ರಷ್ಯಾ ಸರ್ಕಾರಕ್ಕಾಗಿ ಹಿಮಭಂಜಕ ಹಡಗುಗಳ ನಿರ್ಮಾಣವನ್ನು ನೋಡಿಕೊಳ್ಳಲು ಇಂಗ್ಲೆಂಡಿನ ನ್ಯೂಕ್ಯಾಸಲ್ ಪ್ರದೇಶಕ್ಕೆ ಹೋಗಿ, 1917ರ ಕ್ರಾಂತಿಯ ವರ್ಷದಲ್ಲಿ ಸ್ವದೇಶಕ್ಕೆ ಮರಳಿದರು. 1920–21ರ ಸುಮಾರಿಗೆ ‘ನಾವು’ ಎಂಬ ಕಾದಂಬರಿಯನ್ನು ಬರೆದರು. ಅದರಲ್ಲಿ ಬರುವ ‘ಏಕರಾಜ್ಯ’ದಲ್ಲಿ ಜನರಿಗೆ ಹೆಸರುಗಳಿಲ್ಲ, ಸಂಖ್ಯೆಗಳಿವೆ. ಮನೆಗಳ ಗೋಡೆಗಳೆಲ್ಲ ಗಾಜಿನವು. ಒಳಗೆ ನಡೆಯುವುದೆಲ್ಲ ಹೊರಗೆ ಕಾಣಬೇಕು. ಏಳುವುದು, ಉಣ್ಣುವುದು, ದುಡಿಯುವುದು, ಮಲಗುವುದು ಎಲ್ಲವೂ ಒಂದೇ ವೇಳಾಪಟ್ಟಿಯಂತೆ. ‘ಉಪಕಾರಿ’ ಎಂಬ ಅಧಿಪತಿ ಆಳುತ್ತಾನೆ. ಡಿ-503 ಎಂಬ ಗಣಿತಜ್ಞನು ದಿನಚರಿ ಬರೆಯುತ್ತ ಹೋಗುತ್ತಾನೆ. ಐ-330 ಎಂಬ ಸ್ತ್ರೀಯ ಸಂಪರ್ಕದಿಂದ ಅವನಲ್ಲಿ ಸ್ವತಂತ್ರ ಚಿತ್ತವೆಂಬುದು ಹುಟ್ಟುತ್ತದೆ. ಕೊನೆಗೆ ಪ್ರಭುತ್ವವು ಅವನ ಮೆದುಳಿನಿಂದ ಕಲ್ಪನಾಶಕ್ತಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುತ್ತದೆ. ತಾನು ಪ್ರೀತಿಸಿದವಳಿಗೆ ಚಿತ್ರಹಿಂಸೆಯಾಗುವುದನ್ನು ಅವನು ನಿರ್ವಿಕಾರವಾಗಿ ನೋಡುತ್ತ ಕುಳಿತಿರುವಲ್ಲಿ ಕಥೆ ಮುಗಿಯುತ್ತದೆ.

ಈ ಗ್ರಂಥಕ್ಕೆ ಸ್ವದೇಶದಲ್ಲಿ ಮುದ್ರಣಭಾಗ್ಯ ದೊರೆಯಲಿಲ್ಲ. ಅದು ಮೊದಲು ಪುಸ್ತಕರೂಪದಲ್ಲಿ ಬಂದದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದವಾಗಿ. 1927ರಲ್ಲಿ ಜೆಕ್ ಭಾಷೆಗೂ 1929ರಲ್ಲಿ ಫ್ರೆಂಚಿಗೂ ಬಂದಿತು. 1927ರಲ್ಲಿ ಪ್ರಾಗ್ ನಗರದ ರಷ್ಯನ್ ಪತ್ರಿಕೆಯೊಂದು ಕೆಲವು ಭಾಗಗಳನ್ನು ಪ್ರಕಟಿಸಿದ್ದನ್ನೇ ನೆಪವಾಗಿಟ್ಟುಕೊಂಡು 1929ರಲ್ಲಿ ಅವರ ಮೇಲೆ ದೇಶವ್ಯಾಪಿ ನಿಂದಾಭಿಯಾನ ನಡೆಯಿತು. ಬರೆಯುವ ದಾರಿಗಳೆಲ್ಲ ಮುಚ್ಚಿದಾಗ 1931ರಲ್ಲಿ ಅವರು ಸ್ಟಾಲಿನ್ನರಿಗೇ ನೇರವಾಗಿ ಪತ್ರ ಬರೆದು ದೇಶ ಬಿಡಲು ಅನುಮತಿ ಬೇಡಿದರು. ಮ್ಯಾಕ್ಸಿಂ ಗಾರ್ಕಿಯವರ ನೆರವಿನಿಂದ ಅನುಮತಿ ದೊರೆಯಿತು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ತೀರಿಕೊಂಡರು. ಮೂಲ ರಷ್ಯನ್ ಪಾಠ ಸಮಗ್ರವಾಗಿ ಅಚ್ಚಾದದ್ದು 1952ರಲ್ಲಿ ನ್ಯೂಯಾರ್ಕಿನಲ್ಲಿ. ಸೋವಿಯತ್ ದೇಶದಲ್ಲಿ ಅದು ಬೆಳಕು ಕಂಡದ್ದು 1988ರಲ್ಲಿ. ತನ್ನ ಕೃತಿ ತನ್ನದೆಂದು ತನ್ನ ಜನರ ಮುಂದೆ ಹೇಳಿಕೊಳ್ಳುವ ಅವಕಾಶವೇ ಇಲ್ಲದೆ ಕಣ್ಮುಚ್ಚಿದ ಲೇಖಕರು ಅವರು. ಮುಂದಿನ ವಿಚಾರಕ್ಕೆ ಈ ಸಂಗತಿ ಬಹಳ ಮುಖ್ಯವಾದದ್ದು.

ಆಪಾದನೆ ಮತ್ತು ಪ್ರಮಾಣ

ಹಕ್ಸ್ಲಿಯವರ ಕಾದಂಬರಿ ಪ್ರಕಟವಾದದ್ದು 1932ರಲ್ಲಿ. ಅದರಲ್ಲಿ ಶಿಶುಗಳು ಗಾಜಿನ ಪಾತ್ರೆಗಳಲ್ಲಿ ಬೆಳೆಯುತ್ತವೆ. ದುಃಖವಾದಾಗ ‘ಸೋಮ’ ಎಂಬ ಗುಳಿಗೆಯನ್ನು ನುಂಗಿ ಮರೆಯಬಹುದು. ನಾಗರಿಕತೆಯ ಗಡಿಯಾಚೆ ಹಳೆಯ ರೀತಿಯ ಜನರಿದ್ದಾರೆ. ಸುಖ ಮತ್ತು ಸ್ವಾತಂತ್ರ್ಯ ಒಟ್ಟಿಗೆ ಇರಲಾರವೆಂಬ ವಾದವೂ, ಗಡಿಯ ಹೊರಗಿನ ಪ್ರಾಕೃತಿಕ ಜೀವನವೂ ‘ನಾವು’ ಕೃತಿಯಲ್ಲಿ ಮೊದಲೇ ಬಂದಿದ್ದವು. ಈ ಸಾಮ್ಯವನ್ನು ಕಂಡು ಹಕ್ಸ್ಲಿಯವರು ಅಲ್ಲಿಂದಲೇ ತೆಗೆದುಕೊಂಡಿರಬೇಕೆಂದು ಹೇಳಿದವರು ಅನೇಕರು. ಹಕ್ಸ್ಲಿಯವರಾದರೋ ತಮ್ಮ ಕೃತಿಯು ಎಚ್.ಜಿ. ವೆಲ್ಸ್ ಅವರ ಆಶಾವಾದದ ಕಾದಂಬರಿಗೆ, ಅಂದರೆ 1923ರ ‘ಮೆನ್ ಲೈಕ್ ಗಾಡ್ಸ್’ಗೆ, ಅಣಕವಾಗಿ ಆರಂಭವಾಯಿತೆಂದು ತಿಳಿಸಿದ್ದರು. ಜಮ್ಯಾತಿನ್ನರ ಗ್ರಂಥದ ವಿಷಯ ತಮಗೆ ತಿಳಿದದ್ದೇ ಬಹುಕಾಲದ ಮೇಲೆ ಎಂದು 1962ರ ಪತ್ರವೊಂದರಲ್ಲಿ ಬರೆದರು. ಈ ಮಾತನ್ನು ಸುಳ್ಳೆಂದು ತೋರಿಸುವ ಪ್ರಮಾಣ ದೊರೆತಿಲ್ಲ. ಸಾಮ್ಯವಿದೆ ಎಂಬುದಷ್ಟೇ ನಿಶ್ಚಿತ.

ಆರ್ವೆಲ್ ಅವರ ವಿಷಯ ಬೇರೆ. ಅವರು ಆ ಗ್ರಂಥವನ್ನು ಓದಿದ್ದರೆಂಬುದರಲ್ಲಿ ಸಂಶಯವೇ ಇಲ್ಲ. ರಷ್ಯನ್ ಸಾಹಿತ್ಯದ ವಿದ್ವಾಂಸರಾದ ಗ್ಲೆಬ್ ಸ್ಟ್ರೂವ್ ಅವರ ಪುಸ್ತಕದಿಂದ ‘ನಾವು’ ಕೃತಿಯ ಹೆಸರನ್ನು ತಿಳಿದು, 1944ರ ಫೆಬ್ರವರಿಯಲ್ಲಿ ಸ್ಟ್ರೂವ್ ಅವರಿಗೆ ಪತ್ರ ಬರೆದರು. ಅಂಥ ಪುಸ್ತಕಗಳಲ್ಲಿ ತಮಗೆ ಆಸಕ್ತಿಯಿದೆಯೆಂದೂ, ತಾವೂ ಅಂಥದೊಂದಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿರುವುದಾಗಿಯೂ ಆ ಪತ್ರದಲ್ಲಿ ಹೇಳಿದರು. ಫ್ರೆಂಚ್ ಅನುವಾದವನ್ನು ಸಂಪಾದಿಸಿ ಓದಿ, 1946ರ ಜನವರಿ 4ರ ‘ಟ್ರಿಬ್ಯೂನ್’ ವಾರಪತ್ರಿಕೆಯಲ್ಲಿ ವಿಮರ್ಶೆ ಬರೆದರು. ಹಕ್ಸ್ಲಿಯವರ ಕಾದಂಬರಿ ಇದರಿಂದ ಭಾಗಶಃ ಹುಟ್ಟಿರಬೇಕೆಂಬ ಊಹೆಯನ್ನು ಮೊದಲು ಪ್ರಚಾರಕ್ಕೆ ತಂದವರಲ್ಲಿ ಅವರೂ ಒಬ್ಬರು. ಅವರ ಸ್ವಂತ ಕಾದಂಬರಿ ಹೊರಬಂದದ್ದು 1949ರ ಜೂನ್ 8ರಂದು. ಆ ವರ್ಷದಲ್ಲಿಯೇ ಅವರು ಜಮ್ಯಾತಿನ್ನರ ಕೃತಿಯನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಬೇಕೆಂದು ತಮ್ಮ ಪ್ರಕಾಶಕರಿಗೂ ಬರೆದಿದ್ದರು. ಏಳು ತಿಂಗಳು ಕಳೆದು, 1950ರ ಜನವರಿಯಲ್ಲಿ ಕ್ಷಯರೋಗದಿಂದ ನಿಧನರಾದರು.

ಎರಡು ಕೃತಿಗಳ ನಡುವಿನ ಸಾಮ್ಯ ಅಲ್ಪವಲ್ಲ. ಉಪಕಾರಿಯ ಸ್ಥಾನದಲ್ಲಿ ‘ಹಿರಿಯಣ್ಣ’ನಿದ್ದಾನೆ. ದಿನಚರಿ ಬರೆಯುವ ನಾಯಕ, ಅವನನ್ನು ಪ್ರತಿಭಟನೆಯತ್ತ ಸೆಳೆಯುವ ಸ್ತ್ರೀ, ಹಳೆಯ ಕಾಲದ ಸಾಮಾನುಗಳಿರುವ ಗುಪ್ತಸ್ಥಾನದಲ್ಲಿ ಅವರ ಭೇಟಿ, ಕೊನೆಗೆ ಪ್ರಭುತ್ವಕ್ಕೆ ಶರಣಾಗುವ ಭಗ್ನಹೃದಯ — ಇವೆಲ್ಲ ಎರಡರಲ್ಲಿಯೂ ಇವೆ. ಇದನ್ನು ಮುಂದಿಟ್ಟುಕೊಂಡು ಐಸಾಕ್ ಡಾಯ್ಚರ್ ಅವರು 1955ರಲ್ಲಿ ಗ್ರಂಥರೂಪದಲ್ಲಿ ಬಂದ ತಮ್ಮ ಪ್ರಬಂಧವೊಂದರಲ್ಲಿ, ಆರ್ವೆಲ್ಲರ ಕಥಾವಸ್ತು, ಮುಖ್ಯಪಾತ್ರಗಳು, ವಾತಾವರಣ ಎಲ್ಲವೂ ಜಮ್ಯಾತಿನ್ನರಿಂದ ಬಂದವೆಂದು ಕಟುವಾಗಿ ಟೀಕಿಸಿದರು. ಆದರೆ ಪ್ರಭುತ್ವವು ಭಾಷೆಯನ್ನೇ ಕುಗ್ಗಿಸಿ ವಿಚಾರವನ್ನು ಅಸಾಧ್ಯಗೊಳಿಸುವುದು, ಹಳೆಯ ಪತ್ರಿಕೆಗಳನ್ನು ದಿನದಿನವೂ ತಿದ್ದಿ ಭೂತಕಾಲವನ್ನೇ ಬದಲಿಸುವುದು, ಎರಡು ವಿರುದ್ಧ ಮಾತುಗಳನ್ನು ಒಮ್ಮೆಗೇ ನಂಬುವ ಅಭ್ಯಾಸವನ್ನು ಜನರಿಗೆ ಕಲಿಸುವುದು — ಆರ್ವೆಲ್ಲರ ಕೃತಿಯನ್ನು ಮರೆಯಲಾಗದಂತೆ ಮಾಡಿದ ಈ ಅಂಶಗಳು ‘ನಾವು’ ಕೃತಿಯಿಂದ ಬಂದವಲ್ಲ. ಯುದ್ಧಕಾಲದ ಪ್ರಚಾರಯಂತ್ರವನ್ನು ಒಳಗಿನಿಂದ ಕಂಡ ಅನುಭವ ಅವುಗಳ ಹಿಂದಿದೆ. 1941ರಿಂದ 1943ರವರೆಗೆ ಅವರು ಬಿ.ಬಿ.ಸಿ.ಯಲ್ಲಿ ಭಾರತಕ್ಕೆ ಪ್ರಸಾರವಾಗುವ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿದ್ದರು.

ಈ ಸರಣಿಯಲ್ಲಿ ಇನ್ನೂ ಕೆಲವರಿದ್ದಾರೆ. ಅಯ್ನ್ ರ‍್ಯಾಂಡ್ ಅವರ 1938ರ ‘ಆಂಥೆಮ್’ ಎಂಬ ಕಿರುಕಾದಂಬರಿಯಲ್ಲಿಯೂ ಜನರನ್ನು ಸಂಖ್ಯೆ ಸೇರಿಸಿ ಕರೆಯುತ್ತಾರೆ. ಅಲ್ಲಿ ‘ನಾನು’ ಎಂಬ ಪದವೇ ಬಳಕೆಯಿಂದ ಹೋಗಿ ‘ನಾವು’ ಎಂಬುದೊಂದೇ ಉಳಿದಿದೆ. ಅವರು 1926ರವರೆಗೆ ರಷ್ಯಾದಲ್ಲಿಯೇ ಇದ್ದವರು. ಆದರೂ ಜಮ್ಯಾತಿನ್ನರ ಹಸ್ತಪ್ರತಿಯನ್ನು ಓದಿದ್ದರೆಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಕರ್ಟ್ ವಾನಗಟ್ ಅವರು ಮಾತ್ರ 1973ರ ಸಂದರ್ಶನವೊಂದರಲ್ಲಿ, 1952ರ ತಮ್ಮ ‘ಪ್ಲೇಯರ್ ಪಿಯಾನೋ’ ಕಾದಂಬರಿಯ ಕಥೆಯನ್ನು ಹಕ್ಸ್ಲಿಯವರಿಂದ ಸಂತೋಷವಾಗಿ ಎತ್ತಿಕೊಂಡುದಾಗಿಯೂ, ಹಕ್ಸ್ಲಿಯವರು ಅದನ್ನು ಜಮ್ಯಾತಿನ್ನರಿಂದ ಹಾಗೆಯೇ ಎತ್ತಿಕೊಂಡಿದ್ದರೆಂದೂ ನಗುನಗುತ್ತ ಹೇಳಿಬಿಟ್ಟರು.

ಜಮ್ಯಾತಿನ್ನರಾದರೂ ಶೂನ್ಯದಿಂದ ಸೃಷ್ಟಿಸಿದವರಲ್ಲ. ವೆಲ್ಸ್ ಅವರ ಕೃತಿಗಳ ರಷ್ಯನ್ ಅನುವಾದಗಳನ್ನು ಅವರು ಸಂಪಾದಿಸಿದ್ದರು. 1922ರಲ್ಲಿ ವೆಲ್ಸ್ ಅವರನ್ನು ಕುರಿತು ಪುಸ್ತಿಕೆಯನ್ನೇ ಬರೆದು ತಮ್ಮ ಗೌರವವನ್ನು ಬಹಿರಂಗಪಡಿಸಿದ್ದರು. ಗಾಜಿನ ಅರಮನೆಯ ಕಲ್ಪನೆಯನ್ನು ದೊಸ್ತೊಯೆವ್ಸ್ಕಿಯವರು 1864ರಲ್ಲಿಯೇ ಚರ್ಚಿಸಿದ್ದರು. ಅನ್ನಕ್ಕಾಗಿ ಸ್ವಾತಂತ್ರ್ಯವನ್ನು ಮಾರಿಕೊಳ್ಳುವ ಮನುಷ್ಯನ ದೌರ್ಬಲ್ಯವನ್ನು ‘ಕರಮಜೋವ್ ಸಹೋದರರು’ ಕಾದಂಬರಿಯ ಮಹಾವಿಚಾರಕನ ಪ್ರಸಂಗದಲ್ಲಿ ವರ್ಣಿಸಿದ್ದರು. ಇಂಗ್ಲೆಂಡಿನ ಜೆರೋಮ್ ಕೆ. ಜೆರೋಮ್ ಅವರ 1891ರ ‘ದಿ ನ್ಯೂ ಯುಟೋಪಿಯಾ’ ಎಂಬ ವಿನೋದಕಥೆಯಲ್ಲಿ ಜನರಿಗೆ ಹೆಸರಿನ ಬದಲು ಸಂಖ್ಯೆಗಳಿವೆ; ಇತರರಿಗಿಂತ ಬುದ್ಧಿವಂತನಾದವನ ಮೆದುಳನ್ನು ಶಸ್ತ್ರಚಿಕಿತ್ಸೆಯಿಂದ ಸಮಮಟ್ಟಕ್ಕೆ ಇಳಿಸುವ ಪದ್ಧತಿಯೂ ಇದೆ. ಜೆರೋಮ್ ಆ ಕಾಲದ ರಷ್ಯಾದಲ್ಲಿ ಜನಪ್ರಿಯರಾಗಿದ್ದರು. ಹೀಗೆ ಹಿಂದಕ್ಕೆ ನಡೆದಷ್ಟೂ ಸರಪಳಿಯ ಇನ್ನೊಂದು ಕೊಂಡಿ ಸಿಗುತ್ತ ಹೋಗುತ್ತದೆ.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಇಷ್ಟು ಸಂಗತಿಗಳನ್ನು ಮುಂದಿಟ್ಟುಕೊಂಡು ನ್ಯಾಯನಿರ್ಣಯ ಮಾಡುವುದು ಹೇಗೆ? ಯಾವ ಪ್ರಭಾವವನ್ನೂ ಪಡೆಯದವನೇ ಸ್ವೋಪಜ್ಞ ಲೇಖಕನೆಂದರೆ ಅಂಥವನು ಒಬ್ಬನೂ ಸಿಗಲಾರನು. ಎಲ್ಲರೂ ಎಲ್ಲರಿಂದ ಪಡೆದವರೇ, ಆದ್ದರಿಂದ ಯಾರೂ ಯಾರಿಗೂ ಋಣಿಗಳಲ್ಲವೆಂದರೆ ಪ್ರಾಮಾಣಿಕನಿಗೂ ವಂಚಕನಿಗೂ ಭೇದವೇ ಉಳಿಯದು. ಇವೆರಡೂ ಏಕಾಂತವಾದಗಳು. ನಡುವಣ ದಾರಿಯನ್ನು ಕಾಣಲು ಅಚೌರ್ಯದ ವಿಷಯದಲ್ಲಿ ಪ್ರಾಚೀನ ಆಚಾರ್ಯರು ನಡೆಸಿದ ಸೂಕ್ಷ್ಮವಿಚಾರ ಸಹಾಯಕವಾಗುತ್ತದೆ.

ಕೊಡದಿದ್ದುದನ್ನು ತೆಗೆದುಕೊಳ್ಳುವುದು ಚೌರ್ಯವೆಂಬ ಲಕ್ಷಣವು ತತ್ತ್ವಾರ್ಥಸೂತ್ರದಿಂದ ಎಲ್ಲರಿಗೂ ತಿಳಿದದ್ದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಲಕ್ಷಣಕ್ಕೆ ಶಂಕೆಗಳನ್ನೆತ್ತಿ ಸಮಾಧಾನ ಹೇಳುತ್ತಾರೆ. ಜೀವನು ಕರ್ಮವನ್ನು ಗ್ರಹಿಸುತ್ತಾನೆ, ಅದನ್ನು ಯಾರೂ ಕೊಟ್ಟಿಲ್ಲ, ಅದೂ ಚೌರ್ಯವಾಗಬೇಕಲ್ಲವೇ? ಇಲ್ಲ, ಎಲ್ಲಿ ಕೊಡುವುದು-ತೆಗೆದುಕೊಳ್ಳುವುದು ಎಂಬ ವ್ಯವಹಾರ ಸಂಭವಿಸುತ್ತದೆಯೋ ಅಲ್ಲಿ ಮಾತ್ರ ಆ ಮಾತಿಗೆ ಅರ್ಥ. ಮುನಿಯು ಆಹಾರಕ್ಕಾಗಿ ಊರೊಳಗೆ ಸಂಚರಿಸುವಾಗ ಬೀದಿಗಳಲ್ಲಿ, ದ್ವಾರಗಳಲ್ಲಿ ಹಾದುಹೋಗುತ್ತಾನೆ, ಅವನ್ನು ಯಾರೂ ಅವನಿಗೆ ದಾನ ಕೊಟ್ಟಿಲ್ಲ, ಅದೂ ಅದತ್ತಾದಾನವಲ್ಲವೇ? ಅದೂ ಅಲ್ಲ, ಅವು ಸರ್ವಸಾಮಾನ್ಯವಾಗಿ ತೆರೆದಿರುವಂಥವು. ಮುಚ್ಚಿದ ಬಾಗಿಲನ್ನು ಆತನು ಪ್ರವೇಶಿಸುವುದಿಲ್ಲವೆಂಬುದೇ ಇದಕ್ಕೆ ಸಾಕ್ಷಿ. ಇವೆಲ್ಲಕ್ಕೂ ಮಿಗಿಲಾಗಿ, ಪ್ರಮತ್ತಯೋಗವಿದ್ದಲ್ಲಿ, ಎಂದರೆ ಮನಸ್ಸಿನ ಪ್ರಮಾದವೂ ಕಷಾಯವೂ ಕೂಡಿದ್ದಲ್ಲಿ ಮಾತ್ರ ದೋಷ ಉಂಟಾಗುತ್ತದೆ.

ಸಾಹಿತ್ಯಕ್ಕೆ ಈ ವಿವೇಚನೆ ಅಚ್ಚುಕಟ್ಟಾಗಿ ಹೊಂದುತ್ತದೆ. ಮುಂದಿನ ಕಾಲವನ್ನು ಕಲ್ಪಿಸಿ ಇಂದಿನವರನ್ನು ಎಚ್ಚರಿಸುವುದು ತೆರೆದ ಬೀದಿ. ಕ್ರೂರಪ್ರಭು, ಬಂಡಾಯಗಾರ, ಅವನನ್ನು ಪ್ರೇರಿಸುವ ಪ್ರೀತಿ, ಕೊನೆಯ ಸೋಲು — ಇವು ಕೂಡ ಊರಿನವರೆಲ್ಲರೂ ನಡೆದಾಡುವ ದ್ವಾರಗಳು. ಇವನ್ನು ಬಳಸಿದವನನ್ನು ಕಳ್ಳನೆನ್ನಲಾಗದು. ಒಬ್ಬನ ಗ್ರಂಥದ ವಿಶಿಷ್ಟ ಸಂವಿಧಾನ, ಅವನೇ ಕಂಡುಹಿಡಿದ ಸನ್ನಿವೇಶ, ಅವನ ವಾಕ್ಯಗಳು ಮುಚ್ಚಿದ ಬಾಗಿಲಿನ ಒಳಗಿನವು. ಆದರೆ ಇಲ್ಲಿ ಒಂದು ಕಷ್ಟವಿದೆ. ಹಡಗು ಕಟ್ಟುವವನು ಹಿಂದಿನ ಹಡಗುಗಳ ಆಕಾರವನ್ನು ಕಲಿತಂತೆಯೇ ಕಾದಂಬರಿಕಾರನೂ ಹಿಂದಿನ ಸಂವಿಧಾನಗಳನ್ನು ಕಲಿತೇ ಬರೆಯುತ್ತಾನೆ. ತೆರೆದ ಬೀದಿ ಎಲ್ಲಿ ಮುಗಿಯಿತು, ಮನೆಯಂಗಳ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ. ಆದ್ದರಿಂದ ಪ್ರಭಾವದ ಪ್ರಶ್ನೆಯನ್ನು ಚೌರ್ಯವೆಂಬ ಒಂದೇ ಹೆಸರಿನಲ್ಲಿ ವಿಚಾರಿಸಿದರೆ ಅದು ಗೋಜಲಾಗಿಯೇ ಉಳಿಯುತ್ತದೆ.

ನ್ಯಾಸಾಪಹಾರ

ಗೋಜಲನ್ನು ಬಿಡಿಸುವ ಕೀಲಿ ಇನ್ನೊಂದು ವ್ರತದಲ್ಲಿದೆ. ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರ ಒಂದು. ನ್ಯಾಸವೆಂದರೆ ನಂಬಿ ಇರಿಸಿದ ಇಡುಗಂಟು. ಒಬ್ಬನು ಪರಿಚಿತನಲ್ಲಿ ನೂರು ಹೊನ್ನನ್ನು ಇರಿಸಿ ಹೋಗಿ, ವರ್ಷಗಳ ಮೇಲೆ ಬಂದು, ಲೆಕ್ಕ ಮರೆತು, ಎಂಬತ್ತನ್ನು ಕೇಳುತ್ತಾನೆಂದು ಭಾವಿಸೋಣ. ಇರಿಸಿಕೊಂಡವನು ‘ಹೌದು, ಅಷ್ಟೇ’ ಎಂದು ಎಂಬತ್ತನ್ನು ಕೊಟ್ಟು ಸುಮ್ಮನಾಗುತ್ತಾನೆ. ಅವನು ಯಾರ ಮನೆಗೂ ಕನ್ನ ಹಾಕಲಿಲ್ಲ. ತಾನಾಗಿ ಸುಳ್ಳು ಲೆಕ್ಕವನ್ನು ಹುಟ್ಟಿಸಲೂ ಇಲ್ಲ. ಇನ್ನೊಬ್ಬನ ಮರೆವಿಗೆ ಒಪ್ಪಿಗೆ ಕೊಟ್ಟನು, ಅಷ್ಟೆ. ಆದರೂ ಆಚಾರ್ಯರು ಅದನ್ನು ದೋಷವೆಂದರು. ಗಮನಿಸಬೇಕಾದದ್ದೆಂದರೆ, ಹಣದ ಸಂಬಂಧವಿದ್ದರೂ ಅದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯದ ಅತಿಚಾರಗಳಲ್ಲಿ ಸೇರಿಸಿದರು. ಕಳೆದುಹೋದ ಇಪ್ಪತ್ತು ಹೊನ್ನಿಗಿಂತ, ತಿಳಿದೂ ತಿಳಿಯದಂತೆ ಇದ್ದ ಆ ಒಪ್ಪಿಗೆಯ ಮಾತೇ ಅಲ್ಲಿ ಮುಖ್ಯವಾದ ಕೇಡು.

ಅಂಗೀಕರಿಸದ ಸಾಹಿತ್ಯಿಕ ಪ್ರಭಾವದ ಸ್ವರೂಪ ಇದೇ. ಪೂರ್ವಲೇಖಕನ ಕೃತಿ ಓದುಗನಲ್ಲಿ ನಂಬಿ ಇರಿಸಿದ ಇಡುಗಂಟು. ಅದನ್ನು ಬೆಳೆಸಲು, ಹೊಸದಾಗಿ ಬಳಸಲು ಯಾರ ಅಡ್ಡಿಯೂ ಇಲ್ಲ. ಆದರೆ ‘ಇದೆಲ್ಲ ನಿಮ್ಮದೇ ಕಲ್ಪನೆಯೇ?’ ಎಂದು ಲೋಕ ಹೊಗಳಿ ಕೇಳಿದಾಗ, ಲೆಕ್ಕವನ್ನು ಬಲ್ಲವನು ಸುಮ್ಮನೆ ತಲೆದೂಗಿದರೆ ಆ ಮೌನವೇ ನ್ಯಾಸಾಪಹಾರವಾಗುತ್ತದೆ. ಇಲ್ಲಿ ಮೋಸಹೋದವರು ಇಬ್ಬರು. ಪೂರ್ವಲೇಖಕನೊಬ್ಬ, ಏನನ್ನೂ ತಿಳಿಯದ ಓದುಗನೊಬ್ಬ. ನ್ಯಾಸವನ್ನಿಟ್ಟವನು ತೀರಿಹೋಗಿದ್ದರೆ, ದೇಶಭ್ರಷ್ಟನಾಗಿದ್ದರೆ, ಅವನ ಬಾಯಿಯನ್ನು ಪ್ರಭುತ್ವವೇ ಮುಚ್ಚಿಸಿದ್ದರೆ, ಅವನು ಎಂಬತ್ತನ್ನೂ ಕೇಳಲು ಬರಲಾರನು. ಆಗ ಇರಿಸಿಕೊಂಡವನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಜಮ್ಯಾತಿನ್ನರಂಥವರ ಹೆಸರನ್ನು ಬಲ್ಲವರು ಹೇಳದೆ ಬಿಟ್ಟರೆ, ಸ್ವದೇಶದ ಪ್ರಭುತ್ವವು ಮಾಡಿದ ಕೆಲಸವನ್ನೇ ವಿದೇಶದ ಸಾಹಿತ್ಯಲೋಕವು ಎರಡನೆಯ ಸಲ ಮಾಡಿದಂತಾಗುತ್ತದೆ.

ಈ ಅಳತೆಯಿಂದ ನೋಡಿದರೆ ಮೇಲಿನ ಪ್ರಕರಣ ತಿಳಿಯಾಗುತ್ತದೆ. ಆರ್ವೆಲ್ ಅವರು ತಮ್ಮ ಕಾದಂಬರಿ ಹೊರಬರುವ ಮೂರು ವರ್ಷ ಮೊದಲೇ ಜಮ್ಯಾತಿನ್ನರ ಹೆಸರನ್ನು ಪತ್ರಿಕೆಯಲ್ಲಿ ಹೇಳಿದರು. ಆ ಗ್ರಂಥ ಇಂಗ್ಲೆಂಡಿನಲ್ಲಿ ಮತ್ತೆ ಸಿಗುವಂತಾಗಲೆಂದು ಪ್ರಯತ್ನಿಸಿದರು. ಮೂಲವನ್ನು ಮರೆಮಾಡಬೇಕೆನ್ನುವವನು ಅದನ್ನು ಅಚ್ಚುಹಾಕಿರೆಂದು ಬೇಡುವುದಿಲ್ಲ. ಆದ್ದರಿಂದ ಅಲ್ಲಿ ಪ್ರಮತ್ತಯೋಗ ಕಾಣುವುದಿಲ್ಲ. ಆದರೂ ‘ನೈನ್‌ಟೀನ್ ಏಟಿ-ಫೋರ್’ ಪುಸ್ತಕದಲ್ಲಿ ಆ ಹೆಸರಿಲ್ಲ. ವಾರಪತ್ರಿಕೆಯ ಒಂದು ಸಂಚಿಕೆ ಮರೆಯಾಗುತ್ತದೆ. ಗ್ರಂಥವು ತಲೆಮಾರುಗಳನ್ನು ದಾಟುತ್ತದೆ. ಒಂದು ಸಾಲು ಗ್ರಂಥದಲ್ಲಿಯೇ ಇದ್ದಿದ್ದರೆ ಕೋಟ್ಯಂತರ ಓದುಗರಿಗೆ ಆ ಲೆಕ್ಕ ತಲುಪುತ್ತಿತ್ತು ಎಂಬುದೂ ಅಷ್ಟೇ ನಿಜ. ಕಾದಂಬರಿಗಳಲ್ಲಿ ಅಂಥ ಸಾಲು ಬರೆಯುವ ರೂಢಿ ಇರಲಿಲ್ಲವೆಂಬುದು ಸಮಾಧಾನವಾಗಬಹುದೇ ಹೊರತು ಪೂರ್ಣವಾದ ಉತ್ತರವಲ್ಲ.

ಹೇಳಿದವನಿಗೆ ದಂಡ

ಇಲ್ಲಿ ವಿಷಾದದ ಸಂಗತಿಯೊಂದಿದೆ. ಆರ್ವೆಲ್ ಅವರು ಆ ಗ್ರಂಥವನ್ನು ಓದಿದ್ದರೆಂಬುದಕ್ಕೆ ಬಲವಾದ ಸಾಕ್ಷಿ ಅವರ ಸ್ವಂತ ವಿಮರ್ಶೆಯೇ. ಅವರು ಮೌನವಾಗಿದ್ದಿದ್ದರೆ ಅವರ ಮೇಲಿನ ಆಪಾದನೆ ಹಕ್ಸ್ಲಿಯವರ ಮೇಲಿನದರಂತೆ ಬರಿಯ ಊಹೆಯಾಗಿ ಉಳಿಯುತ್ತಿತ್ತು. ಋಣವನ್ನು ಹೇಳಿದವನನ್ನು ‘ಸಿಕ್ಕಿಬಿದ್ದ’ ಎಂದೂ, ಹೇಳದವನನ್ನು ‘ಸ್ವತಂತ್ರ ಪ್ರತಿಭೆ’ ಎಂದೂ ಲೋಕ ಬಗೆಯುವುದಾದರೆ, ಮುಂದಿನ ಲೇಖಕರು ಕಲಿಯುವ ಪಾಠ ಮೌನವೊಂದೇ. ಸತ್ಯವನ್ನು ನುಡಿದವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಸಮಾಜದ ಕರ್ತವ್ಯ. ಋಣಸ್ವೀಕಾರವನ್ನು ಕಂಡಾಗ ಅದನ್ನು ತಪ್ಪೊಪ್ಪಿಗೆಯೆಂದು ಓದದೆ ಗೌರವವೆಂದು ಓದುವ ಸಂಸ್ಕಾರ ಬೆಳೆಯಬೇಕು.

ಆಪಾದಿಸುವವರಿಗೂ ವ್ರತವಿದೆ. ಆರ್ವೆಲ್ ಅವರು ಸ್ವಂತ ಋಣದ ವಿಷಯದಲ್ಲಿ ನಿರ್ವಂಚನೆಯಿಂದ ನಡೆದರೂ, ಹಕ್ಸ್ಲಿಯವರ ವಿಷಯದಲ್ಲಿ ಊಹೆಯನ್ನು ನಿಶ್ಚಯದ ಹತ್ತಿರಕ್ಕೆ ಕೊಂಡೊಯ್ದರು. ವಾನಗಟ್ ಅವರು ತಮ್ಮ ಋಣವನ್ನು ಒಪ್ಪಿಕೊಂಡ ಅದೇ ಮಾತಿನಲ್ಲಿ ಹಕ್ಸ್ಲಿಯವರ ಮೇಲೆ ಪ್ರಮಾಣವಿಲ್ಲದ ಆರೋಪವನ್ನೂ ಹೊರಿಸಿದರು. ಅರ್ಧ ಮಾತು ಸತ್ಯಕ್ಕೆ ಸಂದಿತು, ಅರ್ಧ ಮಾತು ಅದನ್ನು ಮೀರಿತು. ಒಂದೇ ಕಾಲದ ಭಯಗಳು ಒಂದೇ ಬಗೆಯ ಕಥೆಗಳನ್ನು ಬೇರೆಬೇರೆ ಮನಸ್ಸುಗಳಲ್ಲಿ ಹುಟ್ಟಿಸಬಲ್ಲವು. ಕಾರ್ಖಾನೆಯ ಶಿಸ್ತು, ಮಹಾಯುದ್ಧ, ಸರ್ವಾಧಿಕಾರ ಇವನ್ನು ಕಂಡವರು ಒಬ್ಬರಲ್ಲ. ಸಾಮ್ಯವು ಪ್ರಶ್ನೆಗೆ ಕಾರಣವಾಗಬಹುದು, ತೀರ್ಪಿಗೆ ಸಾಲದು. ನಿಶ್ಚಿತ ಪ್ರಮಾಣವಿಲ್ಲದೆ ಒಬ್ಬನನ್ನು ಕೃತಿಚೋರನೆನ್ನುವುದು ಅವನ ಯಶಸ್ಸಿನ ಅಪಹಾರ.

ಇನ್ನೊಂದು ಶಂಕೆ ಉಳಿಯುತ್ತದೆ. ಬಾಲ್ಯದಿಂದ ಓದಿದ್ದು, ಕೇಳಿದ್ದು ಮನಸ್ಸಿನ ಆಳದಲ್ಲಿ ಬೆರೆತುಹೋಗಿರುತ್ತದೆ. ಎಲ್ಲವನ್ನೂ ನೆನಪಿಟ್ಟು ಹೆಸರಿಸುವುದು ಯಾರಿಂದ ಸಾಧ್ಯ? ಸಾಧ್ಯವಿಲ್ಲ, ಅದನ್ನು ಯಾವ ವ್ರತವೂ ಕೇಳುವುದಿಲ್ಲ. ಆದರೆ ಪ್ರಮಾದವೆಂಬುದಕ್ಕೆ ಅಜಾಗರೂಕತೆಯೆಂಬ ಅರ್ಥವೂ ಇದೆ. ಮರೆತದ್ದು ಕ್ಷಮ್ಯ, ನೆನಪಿಸಿಕೊಳ್ಳಲು ಯತ್ನಿಸದಿರುವುದು ಅಷ್ಟು ಸುಲಭವಾಗಿ ಕ್ಷಮ್ಯವಲ್ಲ. ಯಾರಾದರೂ ನೆನಪಿಸಿದಾಗ ಮುನಿಸಿಕೊಳ್ಳದೆ ‘ಹೌದು’ ಎನ್ನುವುದು ಎಲ್ಲರಿಂದಲೂ ಆಗತಕ್ಕದ್ದು.

ಆಚರಣೆಯಲ್ಲಿ

ಹೇಳಿ ತೆಗೆದುಕೊಳ್ಳುವುದರಿಂದ ಕೃತಿಯ ಹಿರಿಮೆ ಕುಗ್ಗುತ್ತದೆಂಬ ಭಯ ನಿರಾಧಾರ. ರಾಷ್ಟ್ರಕೂಟರ ಕಾಲದಲ್ಲಿ ಜಿನಸೇನಾಚಾರ್ಯರು ರಚಿಸಿದ ಪಾರ್ಶ್ವಾಭ್ಯುದಯವು ಕಾಳಿದಾಸನ ಮೇಘದೂತದ ಸಾಲುಗಳನ್ನೆಲ್ಲ ತನ್ನ ಪದ್ಯಗಳೊಳಗೆ ಅಡಕಮಾಡಿಕೊಂಡ ಕಾವ್ಯ. ಪ್ರತಿ ಪದ್ಯದಲ್ಲಿಯೂ ಒಂದೋ ಎರಡೋ ಸಾಲು ಕಾಳಿದಾಸನದು, ಉಳಿದದ್ದು ಆಚಾರ್ಯರದು. ವಿರಹಿ ಯಕ್ಷನ ಮಾತುಗಳು ಪಾರ್ಶ್ವನಾಥಸ್ವಾಮಿಯ ಉಪಸರ್ಗದ ಕಥೆಯಲ್ಲಿ ಹೊಸ ಅರ್ಥವನ್ನು ಪಡೆಯುತ್ತವೆ. ಇದಕ್ಕಿಂತ ಹೆಚ್ಚಾಗಿ ಇನ್ನೊಬ್ಬ ಕವಿಯಿಂದ ತೆಗೆದುಕೊಳ್ಳುವುದು ಸಾಧ್ಯವಿಲ್ಲ. ಆದರೂ ಇದನ್ನು ಯಾರೂ ಚೌರ್ಯವೆನ್ನಲಿಲ್ಲ. ಕೃತಿಯ ಕೊನೆಯಲ್ಲಿ ಕಾಳಿದಾಸನ ಹೆಸರು ಮುಚ್ಚುಮರೆಯಿಲ್ಲದೆ ಬಂದಿದೆ. ಅವರದೇ ಆದಿಪುರಾಣವು ಸಿದ್ಧಸೇನ, ಸಮಂತಭದ್ರ ಮೊದಲಾದ ಪೂರ್ವಸೂರಿಗಳ ಸ್ಮರಣೆಯೊಂದಿಗೆ ಆರಂಭವಾಗುತ್ತದೆ. ಪೂರ್ವಕವಿಗಳನ್ನು ನೆನೆದು ಕಾವ್ಯವನ್ನು ತೊಡಗುವ ಪದ್ಧತಿ ಕನ್ನಡದ ಪುರಾಣಕವಿಗಳಲ್ಲಿಯೂ ಮುಂದುವರಿಯಿತು. ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಬರೆದವನ, ಬರೆಸಿದವರ ಹೆಸರುಗಳನ್ನು ನಮೂದಿಸುವ ವಾಡಿಕೆಯೂ ಇದೇ ಮನೋಧರ್ಮದ್ದು.

ಇಂದು ಮುದ್ರಣ ಸುಲಭವಾಗಿದೆ. ಗಣಕಯಂತ್ರದಲ್ಲಿ ಪುಟಗಟ್ಟಲೆ ಬರಹವನ್ನು ಕ್ಷಣದಲ್ಲಿ ನಕಲು ಮಾಡಬಹುದು. ಪಂಚಕಲ್ಯಾಣದ ಸ್ಮರಣಸಂಚಿಕೆಗೆ ಹಳೆಯ ಪುಸ್ತಕದ ಲೇಖನವನ್ನು ಹೆಸರಿಲ್ಲದೆ ಸೇರಿಸುವುದು, ಹಿಂದಿ ಅಥವಾ ಮರಾಠಿ ಟೀಕೆಯನ್ನು ಕನ್ನಡಿಸಿ ಮೂಲ ವಿದ್ವಾಂಸರನ್ನು ಬಿಟ್ಟುಬಿಡುವುದು, ಮಕ್ಕಳ ಪ್ರಬಂಧವನ್ನು ಹಿರಿಯರು ಎಲ್ಲಿಂದಲೋ ತೆಗೆದು ಸಿದ್ಧಪಡಿಸಿ ಬಹುಮಾನಕ್ಕೆ ಕಳುಹಿಸುವುದು — ಇವೆಲ್ಲ ಸದುದ್ದೇಶದಿಂದಲೇ ನಡೆಯುತ್ತವೆ. ಯಾರಿಗೂ ಕೇಡು ಬಯಸಿದಂತೆ ಕಾಣುವುದಿಲ್ಲ. ಆದರೆ ಆ ವಿದ್ವಾಂಸರಲ್ಲಿ ಅನೇಕರು ಈಗಿಲ್ಲ. ತಮ್ಮ ಎಂಬತ್ತನ್ನು ಕೇಳಲು ಅವರು ಬರುವುದಿಲ್ಲ. ಲೆಕ್ಕ ಬಲ್ಲವರು ಟ್ರಸ್ಟುಗಳ ಸಂಪಾದಕರು, ಪ್ರವಚನಕಾರರು, ತಂದೆತಾಯಂದಿರು ಮಾತ್ರ. ಒಂದು ಅಡಿಟಿಪ್ಪಣಿ, ಪ್ರವಚನದ ಮೊದಲಿಗೆ ಒಂದು ಹೆಸರು, ‘ಇದನ್ನು ಇಲ್ಲಿಂದ ಓದಿದೆ’ ಎಂದು ಮಗುವಿನ ಕೈಯಿಂದಲೇ ಬರೆಸಿದ ಒಂದು ಸಾಲು — ಇಷ್ಟರಿಂದ ಆ ಲೆಕ್ಕ ಸರಿಯಾಗುತ್ತದೆ. ಇದಕ್ಕೆ ಹಣದ ವೆಚ್ಚವಿಲ್ಲ; ಕೀರ್ತಿಯಲ್ಲಿ ಕೊಂಚ ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ, ಅಷ್ಟೆ.